ಸಾಂಬ್ರಾ ವಿಮಾನ ನಿಲ್ದಾಣ: ಇತಿಹಾಸ ಮತ್ತು ಸೇವೆ

ಬೆಳಗಾವಿ ನಗರದಿಂದ ಬಾಗಲಕೋಟೆ ರಸ್ತೆಯಲ್ಲಿ ಪೂರ್ವಕ್ಕೆ ಸುಮಾರು 10 ಕಿಲೋಮೀಟರು ಸಾಗಿದರೆ ಸಾಂಬ್ರಾ ಗ್ರಾಮ ದೊರೆಯುತ್ತದೆ. ಇಲ್ಲಿನ ವಿಮಾನ ನಿಲ್ದಾಣವು ಉತ್ತರ ಕರ್ನಾಟಕದ ನಿಲ್ದಾಣಗಳಲ್ಲೆಲ್ಲ ಹಳೆಯದು. ಅದು ಜನ್ಮ ತಾಳಿದ್ದು ಪ್ರಯಾಣಿಕರಿಗಾಗಿ ಅಲ್ಲ, ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧವು ಬರ್ಮಾ ದೇಶವನ್ನು ಆವರಿಸಿದ್ದ 1942ರಲ್ಲಿ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಇದನ್ನು ನಿರ್ಮಿಸಿತು. ಆಗ್ನೇಯ ಏಷ್ಯಾದ ಸಮರಕ್ಕೆ ಬೇಕಾದ ತರಬೇತಿಯನ್ನು ಇಲ್ಲಿ ನೀಡಲಾಗುತ್ತಿತ್ತು. ಆ ಪರಂಪರೆಯ ಕುರುಹಾಗಿ ಭಾರತೀಯ ವಾಯುಸೇನೆಯ ತರಬೇತಿ ಶಾಲೆಯು ಇಂದಿಗೂ ಸಾಂಬ್ರಾದಲ್ಲಿ ನಡೆಯುತ್ತಿದೆ.

ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರು. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಅದು ಒಂದು ರಾತ್ರಿಯ ಪ್ರಯಾಣ. ವಿಮಾನದಲ್ಲಿ ಒಂದು ತಾಸಿಗೆ ತುಸು ಹೆಚ್ಚು. ಮರಾಠಾ ಲಘು ಪದಾತಿ ದಳದ ಕೇಂದ್ರ, 1916ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆಯ ವಿದ್ಯಾಲಯ ಮತ್ತು ಆಸ್ಪತ್ರೆಗಳು, 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2012ರಲ್ಲಿ ಉದ್ಘಾಟನೆಗೊಂಡ ಸುವರ್ಣ ವಿಧಾನಸೌಧ ಇವೆಲ್ಲವೂ ಇರುವ ಊರಿಗೆ ಈ ಸೌಕರ್ಯವು ಆಡಂಬರವಲ್ಲ. ರಜೆ ಮುಗಿಸಿ ಹೊರಡುವ ಸೈನಿಕನಿಗೂ ದೂರದ ವೈದ್ಯರನ್ನು ಕಾಣಬೇಕಾದ ರೋಗಿಗೂ ಉಳಿಯುವ ಒಂದೊಂದು ದಿನವೂ ಅಮೂಲ್ಯ.

ವಿಸ್ತರಣೆಗೆಂದು ರಾಜ್ಯ ಸರ್ಕಾರವು ಸುಮಾರು 370 ಎಕರೆ ಭೂಮಿಯನ್ನು ಒದಗಿಸಿತು. ರನ್‌ವೇ 2,300 ಮೀಟರಿಗೆ ಬೆಳೆಯಿತು. ಚಿಕ್ಕ ಎ.ಟಿ.ಆರ್. ವಿಮಾನಕ್ಕೆ ಇದಕ್ಕಿಂತ ಕಡಿಮೆ ಉದ್ದ ಸಾಕು. ನೂರೈವತ್ತಕ್ಕೂ ಹೆಚ್ಚು ಜನರನ್ನು ಹೊರುವ ಏರ್‌ಬಸ್, ಬೋಯಿಂಗ್‌ಗಳಿಗೆ ದೀರ್ಘವಾದ ದಾರಿ ಬೇಕು. ಹೊಸ ಟರ್ಮಿನಲ್ 2017ರ ಸೆಪ್ಟೆಂಬರ್ 14ರಂದು ಉದ್ಘಾಟನೆಗೊಂಡಿತು.

ಆದರೆ ಕಟ್ಟಡವಿದ್ದ ಮಾತ್ರಕ್ಕೆ ವಿಮಾನ ಬರುವುದಿಲ್ಲ ಎಂಬ ಪಾಠವನ್ನು ಮರುವರ್ಷವೇ ಕಲಿಯಬೇಕಾಯಿತು. 2018ರಲ್ಲಿ ನೆರೆಯ ಹುಬ್ಬಳ್ಳಿಗೆ ಕೇಂದ್ರದ ‘ಉಡಾನ್’ ಯೋಜನೆಯ ಲಾಭ ದೊರೆತಾಗ, ಬೆಳಗಾವಿಯ ವಿಮಾನಗಳು ಅತ್ತ ತಿರುಗಿದವು. ಹೊಸ ಟರ್ಮಿನಲ್ ಬಹುಮಟ್ಟಿಗೆ ಬರಿದಾಯಿತು.

ಈ ಯೋಜನೆಯ ಸ್ವರೂಪವನ್ನು ವಾಚಕರು ತಿಳಿಯುವುದು ಒಳಿತು. 2017ರಲ್ಲಿ ಜಾರಿಗೆ ಬಂದಾಗ, ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿಯ ಮಿತಿಯನ್ನು ಅದು ವಿಧಿಸಿತು. ವಿಮಾನದ ಅರ್ಧದಷ್ಟು ಆಸನಗಳು ಈ ರಿಯಾಯಿತಿ ದರದವು. ಇದರಿಂದಾಗುವ ಕೊರತೆಯನ್ನು ಕೇಂದ್ರ ಮತ್ತು ರಾಜ್ಯಗಳು ತುಂಬಿಕೊಡುತ್ತವೆ. ರಾಜ್ಯದ ಪಾಲು ಸಾಮಾನ್ಯವಾಗಿ ಶೇಕಡಾ 20. ಆದರೆ ಈ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆ ಬಳಿಕ ಮಾರ್ಗವು ಸ್ವಂತ ಬಲದಿಂದ ನಿಲ್ಲಬೇಕು.

ಜನರ ಒತ್ತಾಯದ ಫಲವಾಗಿ 2019ರಲ್ಲಿ ಬೆಳಗಾವಿಯೂ ಉಡಾನ್ ಪಟ್ಟಿಗೆ ಸೇರಿತು. ಹೈದರಾಬಾದ್, ಅಹಮದಾಬಾದ್ ಮೊದಲಾದ ನಗರಗಳಿಗೆ ಸಂಪರ್ಕ ಒದಗಿತು. ನಿಲ್ದಾಣವು ಮತ್ತೆ ಜೀವ ತಳೆಯಿತು. 2024ರ ಮಾರ್ಚ್ 10ರಂದು ಇನ್ನೂ ವಿಶಾಲವಾದ ಟರ್ಮಿನಲ್ಲಿಗೆ ಪ್ರಧಾನಮಂತ್ರಿಗಳಿಂದ ಶಂಕುಸ್ಥಾಪನೆ ನೆರವೇರಿತು.

ಮೊದಲ ಸಲ ವಿಮಾನವೇರುವ ಕುಟುಂಬಗಳಿಗೆ ಕೆಲವು ಸೂಚನೆಗಳು. ಎರಡು ತಾಸು ಮುಂಚಿತವಾಗಿ ತಲುಪಬೇಕು. ಭಾವಚಿತ್ರವಿರುವ ಗುರುತಿನ ಚೀಟಿಯು ಕೈಯಲ್ಲಿರಬೇಕು. ನಡೆಯಲಾರದ ಹಿರಿಯರಿಗೆ ಗಾಲಿಕುರ್ಚಿ ಬೇಕಿದ್ದರೆ, ಟಿಕೆಟ್ ಪಡೆಯುವಾಗಲೇ ವಿಮಾನ ಸಂಸ್ಥೆಗೆ ತಿಳಿಸಬೇಕು. ಚಾಕು, ಕತ್ತರಿ, ಅಡಕೊತ್ತುಗಳನ್ನು ಕೈಚೀಲದಲ್ಲಿ ಒಯ್ಯಬಾರದು. ತವರಿನಿಂದ ಒಣಕೊಬ್ಬರಿ ಕಟ್ಟಿಕೊಡುವ ತಾಯಂದಿರು ಗಮನಿಸಬೇಕಾದುದೊಂದಿದೆ: ಅದರಲ್ಲಿ ಎಣ್ಣೆಯ ಅಂಶ ಹೆಚ್ಚಾಗಿದ್ದು ಬೇಗ ಉರಿ ಹಿಡಿಯುವುದರಿಂದ, ಇಡಿಯ ಕೊಬ್ಬರಿಗೆ ವಿಮಾನದಲ್ಲಿ ನಿಷೇಧವಿದೆ. ಕುಂದಾ, ಕರದಂಟುಗಳಿಗೆ ಇಂಥ ಅಡ್ಡಿಯಿಲ್ಲ.

ಸರ್ಕಾರವು ಕಟ್ಟಡ ಕಟ್ಟಬಲ್ಲದು, ರನ್‌ವೇ ಹಾಸಬಲ್ಲದು, ಮೂರು ವರ್ಷ ಕೈಹಿಡಿದು ನಡೆಸಬಲ್ಲದು. ವಿಮಾನವನ್ನು ಉಳಿಸಿಕೊಳ್ಳುವವರು ಅದನ್ನೇರುವ ಜನ. ತೆರವಾದ ಆಸನವೇ ನಾಳೆ ರದ್ದಾಗುವ ಮಾರ್ಗಕ್ಕೆ ಮುನ್ಸೂಚನೆ. ಇಲ್ಲಿಂದಲೇ ಹೊರಡಲು ಸಾಧ್ಯವಿರುವಾಗ ದೂರದ ನಿಲ್ದಾಣವನ್ನು ಅರಸುವ ಮುನ್ನ, ಅನುಕೂಲವುಳ್ಳವರು ಒಮ್ಮೆ ವಿಚಾರಿಸಬೇಕು. ಈ ರನ್‌ವೇಯ ಅಡಿಯಲ್ಲಿ ರೈತರು ಉತ್ತು ಬಿತ್ತಿದ ಭೂಮಿಯೂ ಇದೆ. ಅದು ಬರಿದಾಗಿ ಬೀಳದೆ ನಾಡಿನ ಸೇವೆಗೆ ಸಲ್ಲುವಂತೆ ನೋಡಿಕೊಳ್ಳುವುದು ಆ ಭೂಮಿಗೆ ನಾವು ತೀರಿಸಬೇಕಾದ ಋಣ.