ಕೈಯಿಂದ ಕೈಗೆ ಬಂದ ಸಮಾಧಾನ

ಧನುರ್ಮಾಸದ ಚಳಿಯು ಭದ್ರೆಯ ತೀರದಿಂದ ಊರೊಳಕ್ಕೆ ವ್ಯಾಪಿಸುತ್ತಿರುವಾಗ, ಹುಗ್ಗಿಯ ನೈವೇದ್ಯಕ್ಕೆಂದು ದೇವಸ್ಥಾನಗಳಲ್ಲಿ ಅರುಣೋದಯಕ್ಕೆ ಮುನ್ನವೇ ಗಂಟೆ ಮೊಳಗುವ ಆ ದಿನಗಳಲ್ಲಿಯೇ, ಭದ್ರಾವತಿಯ ಜನ್ನಾಪುರದ ಕ್ರೈಸ್ತರ ಮನೆಗಳ ಮುಂಬಾಗಿಲಲ್ಲಿ ನಕ್ಷತ್ರದೀಪಗಳು ತೂಗಾಡತೊಡಗುತ್ತವೆ. ದಾರಿಹೋಕರಿಗೆ ಅದು ಕ್ರಿಸ್‌ಮಸ್ ಸಮೀಪಿಸಿತೆಂಬ ಕುರುಹು. ಮನೆಯವರಿಗಾದರೋ ಹಬ್ಬದ ಕಾಲವು ಡಿಸೆಂಬರ್ 25ಕ್ಕೆ ಹಿಂದಿನ ನಾಲ್ಕನೆಯ ಭಾನುವಾರದಂದೇ ಮೊದಲಾಗಿರುತ್ತದೆ. ಅದಕ್ಕೆ ಆಗಮನಕಾಲವೆಂದು ಹೆಸರು. ದೇವಾಲಯದ ಪೀಠಕ್ಕೆ ಆಗ ನೇರಳೆ ವಸ್ತ್ರವನ್ನು ಹೊದಿಸುವರು. ಅದು ಪಶ್ಚಾತ್ತಾಪದ, ಕಾಯುವಿಕೆಯ ವರ್ಣ. ಹಬ್ಬದ ದಿನ ಬಂದಾಗಲೇ ಅದು ಶ್ವೇತಕ್ಕೆ ತಿರುಗುವುದು.

ಇಲ್ಲಿಯ ಸಭೆಯ ಬಾಳನ್ನು ಅರಿಯಬೇಕಾದರೆ ಕುಲುಮೆಯಿಂದಲೇ ತೊಡಗಬೇಕು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡ ಕಾಡಿನ ಇದ್ದಿಲನ್ನೂ ಉಂಡು ಉರಿಯತೊಡಗಿದ ಮೇಲೆ, ಕೆಲಸವನ್ನರಸಿ ಕನ್ನಡಿಗರಲ್ಲದೆ ತಮಿಳರೂ ತೆಲುಗರೂ ಮಲೆಯಾಳಿಗಳೂ ಈ ಊರಿಗೆ ಬಂದು ನೆಲೆಸಿದರು. ಅವರೊಡನೆ ಅವರವರ ಆರಾಧನಾಪದ್ಧತಿಗಳೂ ಬಂದವು. ಕ್ರೈಸ್ತರೆಂದೊಡನೆ ಎಲ್ಲರೂ ಒಂದೇ ಎಂದು ಹೊರಗಿನವರು ಬಗೆಯುವುದು ಸಹಜ. ಆದರೆ ಶಿವಮೊಗ್ಗೆಯ ಕಡೆ ಕೆಲಸಮಾಡಿದ ವೆಸ್ಲಿಯನ್ ಮಿಷನ್, ಮಂಗಳೂರು-ಧಾರವಾಡಗಳ ಬಾಸೆಲ್ ಮಿಷನ್, ಬಳ್ಳಾರಿಯ ಲಂಡನ್ ಮಿಷನ್, ಇವುಗಳ ಸಭೆಗಳಿಗೆ ಬಿಷಪ್ಪರೇ ಇರಲಿಲ್ಲ. ಆಂಗ್ಲಿಕನ್ ಸಭೆಗಳಲ್ಲಿಯಾದರೋ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟಲ್ಲದೆ ಯಾರೂ ಪಾದ್ರಿಗಳಾಗುವಂತಿರಲಿಲ್ಲ. ಹೀಗೆ ಬಿಷಪ್ಪರುಳ್ಳ ಸಭೆಗಳನ್ನು ಕರೆಯುವ ‘ಎಪಿಸ್ಕೋಪಲ್’ ಎಂಬ ಮಾತಿನ ಮೂಲವೂ ಇದೇ: ಗ್ರೀಕಿನ ‘ಎಪಿಸ್ಕೊಪೊಸ್’ ಎಂದರೆ ಮೇಲ್ವಿಚಾರಕ, ಕನ್ನಡ ಬೈಬಲಿನಲ್ಲಿ ಅವನು ‘ಸಭಾಧ್ಯಕ್ಷ’.

ಈ ಭೇದವನ್ನು ಕಳೆಯುವುದಕ್ಕೆ ನಡೆದ ಪ್ರಯತ್ನವು ದೀರ್ಘವಾದುದು. 1919ರಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಪಾದ್ರಿಗಳು, ಹೊರದೇಶದವರ ಜಗಳಗಳನ್ನು ನಾವೇಕೆ ಹೊರಬೇಕೆಂದು ಕೇಳಿಕೊಂಡು ಮಾತುಕತೆಗೆ ತೊಡಗಿದರು. ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾಗಿ 1912ರಲ್ಲಿ ದೋರ್ನಕಲ್ಲಿನ ಪೀಠವೇರಿದ ಅಜರಯ್ಯನವರು ಅದರ ಮುಂದಾಳುಗಳಲ್ಲೊಬ್ಬರು; ಫಲವನ್ನು ಕಾಣದೆಯೇ ಅವರು 1945ರ ಆರಂಭದಲ್ಲಿ ತೀರಿಕೊಂಡರೆಂಬುದು ಮನಸ್ಸನ್ನು ಕಲಕುವ ಸಂಗತಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಆರು ವಾರಗಳಿಗೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸಂತ ಜಾರ್ಜರ ದೇವಾಲಯದಲ್ಲಿ ದಕ್ಷಿಣ ಭಾರತ ಸಭೆಯು, ಜನರ ಬಾಯಲ್ಲಿ ಸಿ.ಎಸ್.ಐ., ಉದಯಿಸಿತು. ಬಿಷಪ್ಪರಿಲ್ಲದವರು ಬಿಷಪ್ಪರನ್ನು ಒಪ್ಪಿಕೊಂಡರು. ಬಿಷಪ್ಪರಿದ್ದವರು ಇತರರ ಪಾದ್ರಿಗಳನ್ನು ಮರುದೀಕ್ಷೆಯಿಲ್ಲದೆಯೇ ತಮ್ಮವರೆಂದರು.

ಈ ಐಕ್ಯವು ಶಾಸನದ ಹಾಳೆಯನ್ನು ಬಿಟ್ಟು ಬೀದಿಗೆ ಇಳಿದುಬರುವುದು ಡಿಸೆಂಬರಿನ ರಾತ್ರಿಗಳಲ್ಲಿ. ಹಾರ್ಮೋನಿಯಂ, ತಬಲ, ಒಂದು ಗಿಟಾರು ಹೊತ್ತ ಕ್ಯಾರಲ್ ತಂಡವು ಮನೆಯಿಂದ ಮನೆಗೆ ನಡೆಯುತ್ತದೆ. ಕನ್ನಡದ ಕೀರ್ತನೆ ಮುಗಿದೊಡನೆ ಮನೆಯ ಅಜ್ಜಿಗಾಗಿ ಒಂದು ತಮಿಳು ಹಾಡು. ಆಮೇಲೆ ಸಭಾಪಾಲಕರ ಚಿಕ್ಕ ಪ್ರಾರ್ಥನೆ. ಅದು ಮುಗಿಯುವ ಹೊತ್ತಿಗೆ ಒಳಗಿನಿಂದ ಬಿಸಿ ಕಾಫಿ. ಅಡಿಗೆಮನೆಯಲ್ಲಿ ಹೆಂಗಸರು ಕರಜಿಕಾಯಿಯ ಅಂಚನ್ನು ಬೆರಳಿನಿಂದ ಒತ್ತಿಒತ್ತಿ ಮಡಿಸುತ್ತಿರುತ್ತಾರೆ. ಅಂಚು ಬಿಟ್ಟುಕೊಂಡರೆ ಹೂರಣವೆಲ್ಲ ಎಣ್ಣೆಯ ಪಾಲು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಕರ್ತನ ಭೋಜನದ ಆರಾಧನೆಯ ಒಂದು ಸಣ್ಣ ಕ್ರಿಯೆಯ ಬಳಿ. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ಸೇರಿಸುತ್ತಾನೆ. ಅನಂತರ ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈಯ ಮೇಲೆ ಮೃದುವಾಗಿ ಮುಚ್ಚುತ್ತಾರೆ. ಇದೇ ‘ಸಮಾಧಾನ’. ಪೀಠದ ಬಳಿಯಲ್ಲಿ ಹೊರಟ ಅದು ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ಸಾಗಿ ಬಾಗಿಲ ಬಳಿಯ ಕಡೆಯ ಬೆಂಚನ್ನು ಮುಟ್ಟುತ್ತದೆ. ಕೇರಳದ ಪುರಾತನ ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ಈ ಪದ್ಧತಿಯನ್ನು ಹೊಸ ಸಭೆಯು 1950ರ ತನ್ನ ಆರಾಧನಾಕ್ರಮದೊಳಕ್ಕೆ ತಂದುಕೊಂಡಿತು. ಮುಂದೆ ಪಶ್ಚಿಮದ ಸಭೆಗಳೂ ಆ ಕ್ರಮವನ್ನು ಆದರದಿಂದ ಅಭ್ಯಸಿಸಿದವು. ಅಮೆರಿಕದ ಎಪಿಸ್ಕೋಪಲ್ ಸಭೆಯ 1979ರ ಪ್ರಾರ್ಥನಾಗ್ರಂಥದಲ್ಲಿಯೂ ಜನರು ಪರಸ್ಪರ ಸಮಾಧಾನ ಹೇಳಿಕೊಳ್ಳುವ ವಿಧಿಯುಂಟು. ಆ ಪ್ರವಾಹದಲ್ಲಿ ನಮ್ಮ ದಕ್ಷಿಣದೇಶದ್ದೂ ಒಂದು ಉಪನದಿಯಿದೆಯೆಂಬುದನ್ನು ನೆನೆದಾಗ ಹೆಮ್ಮೆಯೆನಿಸುತ್ತದೆ. ಕ್ರಿಸ್‌ಮಸ್ಸಿನ ಬೆಳಗಿನಲ್ಲಿ ಕುಲುಮೆಯ ಕೆಲಸದಿಂದ ಒರಟಾದ ಅಂಗೈಯೊಂದು ಶಾಲೆಯ ಹುಡುಗನ ಅಂಗೈಯನ್ನು ಹಾಗೆ ಮುಚ್ಚುವಾಗ, ಅದಕ್ಕೆ ವ್ಯಾಖ್ಯಾನ ಬೇಕಾಗದು.

ಆರಾಧನೆ ಮುಗಿದು ಜನ ಮನೆಗೆ ಮರಳಿದ ಮೇಲೆ ತಟ್ಟೆಗಳ ಸಂಚಾರ. ಕರಜಿಕಾಯಿ, ಚಕ್ಕುಲಿ, ಕಜ್ಜಾಯ, ಒಂದು ತುಂಡು ಕೇಕು. ಮೇಲೆ ಕಸೂತಿಯ ಬಟ್ಟೆ ಮುಚ್ಚಿ ಮಕ್ಕಳು ಅಕ್ಕಪಕ್ಕದ ಮನೆಗಳಿಗೆ ಒಯ್ಯುತ್ತಾರೆ. ಜನವರಿ 6ರ ಪ್ರಕಾಶನದ ಹಬ್ಬದವರೆಗೆ ನಕ್ಷತ್ರವು ಬಾಗಿಲಲ್ಲಿ ಉರಿದು ಆಮೇಲೆ ಅಟ್ಟವನ್ನು ಸೇರುತ್ತದೆ. ತಟ್ಟೆಯಾದರೋ ನೆರೆಮನೆಯಲ್ಲಿಯೇ ಉಳಿದಿರುತ್ತದೆ. ಬರಿದಾಗಿ ಹಿಂತಿರುಗಿಸುವ ರೂಢಿಯಿಲ್ಲವಷ್ಟೆ. ಸಂಕ್ರಾಂತಿಯ ಸಂಜೆ ಅದು ಎಳ್ಳುಬೆಲ್ಲವನ್ನೂ ಕಬ್ಬಿನ ಜಲ್ಲೆಯ ತುಂಡನ್ನೂ ಹೊತ್ತು ಅದೇ ಬಾಗಿಲಿಗೆ ಬರುತ್ತದೆ.