ಹೊಗೆಸೊಪ್ಪಿನ ಸೀಮೆಯ ಕಾಲೇಜು: ಬೀಗ ಬಿದ್ದ ಮೇಲೂ ನಡೆದ ಪಾಠ

ಹುಣಸೂರು ಸೀಮೆಯ ಮನೆಗಳಲ್ಲಿ ವರ್ಷ ಉರುಳುವುದು ಹೊಗೆಸೊಪ್ಪಿನ ಲೆಕ್ಕದಲ್ಲಿ. ಶಿವರಾತ್ರಿಯ ಆಸುಪಾಸಿನಲ್ಲಿ ಸಸಿ ಮಡಿ, ಮುಂಗಾರಿಗೆ ಮುಂಚಿನ ಮಳೆ ಬಿದ್ದೊಡನೆ ನಾಟಿ, ಆಷಾಢ–ಶ್ರಾವಣದಲ್ಲಿ ಸೊಪ್ಪು ಮುರಿದು ಒಣಗಿಸುವ ಬ್ಯಾರನ್‌ಗೆ ಏರಿಸುವ ಕೆಲಸ, ದಸರೆ ಹೊತ್ತಿಗೆ ಹರಾಜು ಮಾರುಕಟ್ಟೆಗೆ ಬೇಲು. ಕಾಲೇಜಿನ ಸೆಮಿಸ್ಟರು ಈ ಲೆಕ್ಕವನ್ನು ಕೇಳಿ ಶುರುವಾಗುವುದಿಲ್ಲ. ಆದರೂ ಡಿ. ದೇವರಾಜ ಅರಸು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ, ಪಟ್ಟಣದ ಮಹಿಳಾ ಕಾಲೇಜಿಗೆ ಹನಗೋಡು, ಗಾವಡಗೆರೆ, ಬಿಳಿಕೆರೆ ಹೋಬಳಿಗಳ ಮಕ್ಕಳು ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. ಬಂದಷ್ಟು ಹೊತ್ತು ಅವರು ಹೊಲದ ಆಳಲ್ಲ, ವಿದ್ಯಾರ್ಥಿಗಳು. ಕಾಲೇಜಿನ ಗೇಟು ಇಲ್ಲಿ ಮಾಡುವ ಮೊದಲ ಉಪಕಾರವೇ ಅದು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಆ ಗೇಟು ಮುಚ್ಚಿದಾಗ ಪಾಠಕ್ಕಿಂತ ಮೊದಲು ಕೈತಪ್ಪಿದ್ದು ಆ ಹೊತ್ತು.

ಮೈಸೂರಿನಿಂದ ಪಶ್ಚಿಮಕ್ಕೆ ಸುಮಾರು 45 ಕಿಲೊಮೀಟರ್ ದೂರದಲ್ಲಿ, ಮಡಿಕೇರಿಗೆ ಹೋಗುವ ಹೆದ್ದಾರಿಯ ಮೇಲೆ, ಲಕ್ಷ್ಮಣತೀರ್ಥ ನದಿಯ ದಂಡೆಯಲ್ಲಿರುವ ಹುಣಸೂರು ಉಪವಿಭಾಗದ ಕೇಂದ್ರ. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಇದರ ಸುತ್ತಿನ ತಾಲ್ಲೂಕುಗಳು. ಸರಗೂರು ಮತ್ತು ಸಾಲಿಗ್ರಾಮ ಇವುಗಳಿಂದ ಈಚೆಗೆ ಒಡೆದವು. ಒಂದೇ ಉಪವಿಭಾಗವಾದರೂ ಒಂದೇ ನೆಲವಲ್ಲ. ಕೆ.ಆರ್. ನಗರ ಕಾವೇರಿಯ ನಾಲೆ ನೀರಿನ ಭತ್ತದ ನಾಡು, ರೈಲು ನಿಲ್ದಾಣ ಇರುವುದೂ ಅಲ್ಲೇ. ಪಿರಿಯಾಪಟ್ಟಣ, ಹುಣಸೂರು ಹೊಗೆಸೊಪ್ಪಿನವು. ಪಿರಿಯಾಪಟ್ಟಣದ ಅಂಚಿನ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರು 1961ರಿಂದ ನೆಲೆ ನಿಂತಿದ್ದಾರೆ. ಹೆಗ್ಗಡದೇವನಕೋಟೆಯ ಬಹುಭಾಗ ಕಾಡು, ಕಬಿನಿ ಹಿನ್ನೀರು, ಆದಿವಾಸಿಗಳ ಹಾಡಿಗಳು. ಈ ಎಲ್ಲ ತಾಲ್ಲೂಕುಗಳಲ್ಲೂ ಸರ್ಕಾರಿ ಪದವಿ ಕಾಲೇಜುಗಳಿವೆ. ಮೈಸೂರಿನ ದೊಡ್ಡ ಕಾಲೇಜುಗಳಲ್ಲಿ ಸೀಟು ಸಿಗದವರು, ಸಿಕ್ಕರೂ ಬಾಡಿಗೆ ಕೋಣೆ ಹಿಡಿಯಲಾಗದವರು, ಮನೆಯಿಂದ ದೂರ ಕಳಿಸಲು ಅಪ್ಪ ಅಮ್ಮ ಒಪ್ಪದ ಹೆಣ್ಣುಮಕ್ಕಳು ಪದವಿ ಕಾಣುವುದು ಇಲ್ಲಿಯೇ.

ಹುಣಸೂರಿನ ಕಾಲೇಜಿಗೆ ಅರಸು ಅವರ ಹೆಸರಿರುವುದು ಬರೀ ಗೌರವಕ್ಕಲ್ಲ. ಇದೇ ತಾಲ್ಲೂಕಿನ ಕಲ್ಲಹಳ್ಳಿಯವರು ಅವರು, ಹುಣಸೂರು ಅವರ ಕ್ಷೇತ್ರ. 1972ರಲ್ಲಿ ಮುಖ್ಯಮಂತ್ರಿಯಾದವರು ಅದೇ ವರ್ಷ ಹಿಂದುಳಿದ ವರ್ಗಗಳ ಸ್ಥಿತಿ ಅರಿಯಲು ಹಾವನೂರು ಆಯೋಗ ನೇಮಿಸಿದರು. ಆ ವರ್ಗಗಳ ಮಕ್ಕಳಿಗೆ ಹಾಸ್ಟೆಲುಗಳು ಹಬ್ಬಿದ್ದು ಅವರ ಕಾಲದಲ್ಲಿ. ಒಕ್ಕಲು ಮನೆಯ, ಕೂಲಿ ಮನೆಯ ಹುಡುಗನಿಗೆ ಪುಸ್ತಕದ ಜೊತೆಗೆ ಊಟ, ದೀಪ, ಕೂರಲು ಒಂದು ಮೂಲೆ ಬೇಕು ಎಂಬ ತಿಳಿವು ಆ ಹಾಸ್ಟೆಲುಗಳ ಹಿಂದಿತ್ತು. 2020ರಲ್ಲಿ ರಾಜ್ಯದ ಎಷ್ಟೋ ಕಡೆ ಸರ್ಕಾರಿ ಹಾಸ್ಟೆಲುಗಳೇ ಕ್ವಾರಂಟೈನ್ ಕೇಂದ್ರಗಳಾದವು. ಅನಿವಾರ್ಯವಾಗಿತ್ತು, ನಿಜ. ಆದರೆ ಬಡ ವಿದ್ಯಾರ್ಥಿಯ ಆ ಮೂಲೆಯೂ ಅದರೊಂದಿಗೆ ಹೋಯಿತು.

ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದು. ಅದು ದೃಢಪಟ್ಟ ಮರುದಿನ, ಮಾರ್ಚ್ 13ರಂದು, ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಒಂದು ವಾರ ಕಾಲೇಜು, ವಿಶ್ವವಿದ್ಯಾಲಯಗಳನ್ನು ಮುಚ್ಚುವಂತೆ ಹೇಳಿದರು. ಒಂದು ವಾರ ಎಂದೇ ಎಲ್ಲರೂ ನಂಬಿದರು. ಪುಸ್ತಕಗಳನ್ನು ಹಾಸ್ಟೆಲಿನಲ್ಲೇ ಬಿಟ್ಟು ಊರಿಗೆ ಹೊರಟವರು ರಾಜ್ಯದ ತುಂಬ ಇದ್ದರು. ಅಷ್ಟರಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರಿಂದ 70ಕ್ಕೂ ಹೆಚ್ಚು ಮಂದಿಗೆ ಸೋಂಕು ಹರಡಿ ಮೈಸೂರು ಜಿಲ್ಲೆ ಕೆಂಪು ವಲಯಕ್ಕೆ ಸೇರಿತು. ಕೆಎಸ್‌ಆರ್‌ಟಿಸಿ ಬಸ್ಸು ಮತ್ತೆ ಓಡಿದ್ದು ಮೇ 19ರಂದು, ಪದವಿ ತರಗತಿಗಳ ಬಾಗಿಲು ತೆರೆದದ್ದು ನವೆಂಬರ್ 17ರಂದು. ಗೇಟು ಮುಚ್ಚಿದಂದಿನಿಂದ ತೆರೆಯುವವರೆಗಿನ ಎಂಟು ತಿಂಗಳಲ್ಲಿ ಹೊಗೆಸೊಪ್ಪಿನ ಒಂದು ಇಡೀ ಬೆಳೆ, ನಾಟಿಯಿಂದ ಹರಾಜಿನವರೆಗೆ, ಮುಗಿದುಹೋಗಿತ್ತು.

ಈ ಎಂಟು ತಿಂಗಳು ಪಾಠ ನಡೆದದ್ದು ಹೇಗೆ? ಆನ್‌ಲೈನ್ ತರಗತಿ ನಡೆಸಿ ಎಂದು ಇಲಾಖೆ ಹೇಳಿತು. ಉಪನ್ಯಾಸಕರು ಗೂಗಲ್ ಮೀಟ್, ಜೂಮ್ ಕಲಿತರು. ಕರಿಹಲಗೆಯ ಮುಂದೆ ಇಪ್ಪತ್ತು ವರ್ಷ ನಿಂತವರು ಮನೆಯ ಗೋಡೆಗೆ ಬೆನ್ನು ಕೊಟ್ಟು ಫೋನಿಗೆ ಪಾಠ ಹೇಳುವುದು ಸುಲಭದ ಮಾತಲ್ಲ. ಕೇಳುವ ಕಡೆ ಕಷ್ಟ ಇನ್ನೂ ಹೆಚ್ಚು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4.4, ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ 14.9. ಒಕ್ಕಲು ಮನೆಯಲ್ಲಿ ಆಂಡ್ರಾಯ್ಡ್ ಫೋನು ಇದ್ದರೆ ಒಂದು. ಅದು ಅಪ್ಪನ ಅಂಗಿ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ. ಅಣ್ಣ ತಮ್ಮಂದಿರ ಸರದಿ ಮುಗಿದ ಮೇಲೆ ಅಕ್ಕ ತಂಗಿಯರದು. ಕರೆನ್ಸಿ ಹಾಕಿಸಲು ದುಡ್ಡಿರಬೇಕು, ಹಾಕಿಸಿದರೆ ಟವರ್ ಸಿಗಬೇಕು.

ಹಾಗಾಗಿ ಹೊತ್ತು ಗೊತ್ತುಮಾಡಿ ಪರದೆಯ ಮೇಲೆ ನಡೆಸುವ ತರಗತಿಗಿಂತ ಈ ಭಾಗಕ್ಕೆ ಒಗ್ಗಿದ್ದು ವಾಟ್ಸ್‌ಆ್ಯಪ್ ಎಂದೇ ನನ್ನ ಅಭಿಪ್ರಾಯ. ಹತ್ತು ನಿಮಿಷದ ಧ್ವನಿ ಸಂದೇಶ, ಕೈಬರಹದ ನೋಟ್ಸಿನ ಫೋಟೊ, ಒಂದು ಪಿಡಿಎಫ್. ಬೆಳಗ್ಗೆ ಕಳಿಸಿದ್ದನ್ನು ರಾತ್ರಿ ಕೇಳಬಹುದು, ಎರಡು ಸಲ ಕೇಳಬಹುದು, ಫೋನಿಲ್ಲದ ಗೆಳತಿಗೂ ಕೇಳಿಸಬಹುದು. ಅಂಗಡಿ ತೆರೆದ ಮೇಲೆ ಜೆರಾಕ್ಸ್ ಮಾಡಿಸಿ ಕೈಯಿಂದ ಕೈಗೆ ದಾಟಿಸಬಹುದು. ಜುಲೈ–ಆಗಸ್ಟ್‌ನ ಹೊಗೆಸೊಪ್ಪಿನ ಮನೆಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ನಸುಕಿಗೆ ಸೊಪ್ಪು ಮುರಿಯಲು ಹೋಗಬೇಕು; ಮಧ್ಯಾಹ್ನದ ಹೊತ್ತಿಗೆ ಕೈತುಂಬ ಕಪ್ಪು ಜಿಡ್ಡು; ಮನೆ ಮಂದಿಯೆಲ್ಲ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟಬೇಕು. ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲು ರಾತ್ರಿ ಕಾವು ನೋಡಿಕೊಳ್ಳಲು ಒಬ್ಬರು ಎದ್ದೇ ಇರಬೇಕು. ಕಾವು ಏರುಪೇರಾದರೆ ಸೊಪ್ಪಿನ ಬಣ್ಣ ಕೆಟ್ಟು ವರ್ಷದ ದುಡಿಮೆ ಹಾಳು. ಹನ್ನೊಂದು ಗಂಟೆಗೆ ಮೀಟ್ ಇದೆ ಎಂದು ಅಲ್ಲಿಂದ ಎದ್ದು ಬರುವಂತಿಲ್ಲ. ರಾತ್ರಿ ಬ್ಯಾರನ್ ಕಾಯುವ ಹೊತ್ತಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅರ್ಥಶಾಸ್ತ್ರದ ಘಟಕ ಕೇಳಬಹುದು.

ಕಾಡಂಚಿಗೆ ಹೋದರೆ ಈ ದಾರಿಯೂ ಕಿರಿದಾಗುತ್ತದೆ. ಹನಗೋಡು ದಾಟಿ ವೀರನಹೊಸಹಳ್ಳಿಯ ಕಡೆ, ಹೆಗ್ಗಡದೇವನಕೋಟೆಯಲ್ಲಿ ಅಂತರಸಂತೆ ದಾಟಿ ಬಳ್ಳೆ, ಡಿ.ಬಿ. ಕುಪ್ಪೆಯ ಕಡೆ ಹೋಗುತ್ತಿದ್ದಂತೆ ಫೋನಿನ ಗೆರೆಗಳು ಒಂದೊಂದಾಗಿ ಇಳಿಯುತ್ತವೆ. ಸಿಗ್ನಲ್ ಹುಡುಕಿ ದಿಬ್ಬ ಹತ್ತಿದ ಮಕ್ಕಳ ಕಥೆ ಮಲೆನಾಡಿನಿಂದ ಆಗ ದಿನವೂ ಬರುತ್ತಿತ್ತು. ನಾಗರಹೊಳೆಯ ಅಂಚಿನಲ್ಲಿ ಸಂಜೆಯಾದ ಮೇಲೆ ದಿಬ್ಬ ಹತ್ತುವುದೆಂದರೆ ಆನೆ ದಾರಿಗೆ ಅಡ್ಡ ಹೋಗುವುದು. ಮೈಸೂರು–ಮಾನಂದವಾಡಿ ರಸ್ತೆಯಲ್ಲೇ ಕಾಡಿನ ಭಾಗದಲ್ಲಿ ರಾತ್ರಿ ವಾಹನ ಬಿಡುವುದಿಲ್ಲ. ಕಾಲ್ನಡಿಗೆಯ ಹುಡುಗಿಯನ್ನು ಯಾವ ಅಪ್ಪ ಕಳಿಸುತ್ತಾನೆ?

ಹಾಡಿಗಳಿಂದ ಪದವಿಗೆ ಬರುವವರು ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಮನೆಗಳ ಮಕ್ಕಳು. ಹೆಚ್ಚಿನವರು ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ರಾಜ್ಯದಲ್ಲಿ ಅತಿ ದುರ್ಬಲವೆಂದು ಕೇಂದ್ರ ಗುರುತಿಸಿದ ಬುಡಕಟ್ಟುಗಳು ಎರಡೇ: ಜೇನುಕುರುಬ ಮತ್ತು ಕೊರಗ. ನಾಗರಹೊಳೆಯಿಂದ ಎದ್ದು ಬಂದ ಕುಟುಂಬಗಳು ಹುಣಸೂರಿನ ನಾಗಾಪುರ ಪುನರ್ವಸತಿ ಕೇಂದ್ರದಲ್ಲಿ ಬದುಕು ಕಟ್ಟಿಕೊಳ್ಳುತ್ತಿವೆ. ಈ ಮಕ್ಕಳಿಗೆ ಆಶ್ರಮ ಶಾಲೆ, ಆಮೇಲೆ ಹಾಸ್ಟೆಲು, ಆಮೇಲೆ ಕಾಲೇಜು ಎಂಬುದು ಒಂದೇ ಸರಪಳಿ. ಕೊಂಡಿ ಒಂದು ಕಳಚಿದರೆ ಮುಂದಿನದು ಕೈಗೆ ಸಿಗುವುದಿಲ್ಲ. ಹಾಸ್ಟೆಲು ಮುಚ್ಚಿದ ಮೇಲೆ ಕೊಡಗಿನ ಕಾಫಿ ಎಸ್ಟೇಟು, ಶುಂಠಿ ಹೊಲ ಕರೆಯುತ್ತವೆ, ಕೈಗೆ ಕೂಲಿ ಬರುತ್ತದೆ. ಓದು ಬಿಟ್ಟೆ ಎಂದು ಯಾರೂ ಹೇಳುವುದಿಲ್ಲ, ಮುಂದಿನ ವರ್ಷ ಹೋಗುತ್ತೇನೆ ಎನ್ನುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸೇರಿತು. ಲಾಕ್‌ಡೌನಿನಲ್ಲಿ ಮನೆ ಮುಂದೆ ಚಪ್ಪರ ಹಾಕಿ ಐವತ್ತು ಜನರಲ್ಲಿ ಮದುವೆ ಮುಗಿಸಬಹುದಾಯಿತು. ಖರ್ಚಿಲ್ಲದ ಮದುವೆ ಎಷ್ಟೋ ಹಳ್ಳಿಗಳಲ್ಲಿ ಹುಡುಗಿಯ ಎರಡನೇ ವರ್ಷದ ಡಿಗ್ರಿಯನ್ನು ನುಂಗಿತು. ಆ ತಿಂಗಳುಗಳನ್ನು ನೆನೆದಾಗ ನನಗೆ ಹೆಚ್ಚು ಸಂಕಟವಾಗುವುದು ಇದಕ್ಕೆ.

ಶಾಲೆಯ ಮಕ್ಕಳಿಗೆ ಒಂದು ದಾರಿ ಮಾಡಿಕೊಟ್ಟಿದ್ದೆವು. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದಲ್ಲಿ ಮೇಷ್ಟರು ಮೇಡಂಗಳೇ ಊರಿಗೆ ಬಂದರು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಮರದ ನೆರಳು ತರಗತಿಯಾಯಿತು. ಫೋನು ಇರುವವರು, ಇಲ್ಲದವರು ಎಂದು ಮಕ್ಕಳನ್ನು ಗುರುತಿಸಿ ಗುಂಪು ಮಾಡಿದ್ದು ಅದರ ಬುದ್ಧಿವಂತಿಕೆ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಲ್ಲಿಸಿ, 2021ರ ಜನವರಿಯಲ್ಲಿ ಮತ್ತೆ ನಡೆಸಿದರು. ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳೂ ಬಂದವು. ಪದವಿಯವರಿಗೆ ಕಟ್ಟೆಯೂ ಇರಲಿಲ್ಲ, ಚಂದನವೂ ಇರಲಿಲ್ಲ. ದೊಡ್ಡವರಾಗಿದ್ದಾರೆ, ನಿಭಾಯಿಸಿಕೊಳ್ಳುತ್ತಾರೆ ಎಂದುಕೊಂಡೆವು. ಹತ್ತೊಂಬತ್ತರ ವಯಸ್ಸು ಓದು ಬಿಡಲು ಎಷ್ಟು ಸಲೀಸಾದ ವಯಸ್ಸು ಎಂಬುದನ್ನು ಮರೆತೆವು.

ಫೋನು ಮುಟ್ಟದ ಕಡೆಗೆ ರೇಡಿಯೊ ಮುಟ್ಟಬಲ್ಲದು, ಅದು ಈ ಸೀಮೆಗೆ ಹೊಸದೂ ಅಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಬಿತ್ತರಿಸಿದರು. ಅದಾದ ಎರಡು ವರ್ಷಕ್ಕೆ ಅಮೆರಿಕದ ಶಿಕಾಗೊದಲ್ಲಿ ಪೋಲಿಯೊ ಹಬ್ಬಿ ಶಾಲೆಗಳು ತೆರೆಯದಾದಾಗ ಅಲ್ಲಿನವರು ಮಕ್ಕಳಿಗೆ ರೇಡಿಯೊದಲ್ಲಿ ಪಾಠ ಮಾಡಿದರು. ಪಾಠದ ವೇಳಾಪಟ್ಟಿ ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಇಂದು ಸರಗೂರಿನಲ್ಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ ಸಮುದಾಯ ಬಾನುಲಿ ಇದೆ. ಡಾ. ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಂದಿಗೆ 1984ರಲ್ಲಿ ಕಟ್ಟಿದ ಈ ಸಂಸ್ಥೆ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯನ್ನೂ ನಡೆಸುತ್ತದೆ. ಟವರ್ ಇಲ್ಲದ ಹಾಡಿಗೆ ದನಿ ಮುಟ್ಟಿಸಬಲ್ಲ ಸಾಧನ ಕಣ್ಣೆದುರಿಗೇ ಇರುವಾಗ, ಪದವಿಯ ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ಪಾಠಗಳು ವಾರಕ್ಕಿಷ್ಟು ಗಂಟೆ ಅದರಲ್ಲಿ ಬರುವಂತೆ ಸುತ್ತಲ ಕಾಲೇಜುಗಳು ಈಗಲೇ ಒಪ್ಪಂದ ಮಾಡಿಕೊಳ್ಳಬಾರದೇಕೆ?

ಆ ಎಂಟು ತಿಂಗಳು ಪಾಠ ಹೇಳಿದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ದೊಡ್ಡ ಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಆಗ ಅವರಿಗೆ ಸಿಗುತ್ತಿದ್ದ ಗೌರವಧನ ತಿಂಗಳಿಗೆ 11,000ದಿಂದ 13,000 ರೂಪಾಯಿ. ಲಾಕ್‌ಡೌನಿನಲ್ಲಿ ಅದೂ ತಿಂಗಳುಗಟ್ಟಲೆ ಬಾರದೆ ರಾಜ್ಯದ ಎಷ್ಟೋ ಕಡೆ ಅವರು ಕೂಲಿಗೆ ಹೋದರು, ತರಕಾರಿ ಮಾರಿದರು. ಸ್ವಂತ ದುಡ್ಡಿನಲ್ಲಿ ಕರೆನ್ಸಿ ಹಾಕಿಸಿಕೊಂಡು ಧ್ವನಿ ಸಂದೇಶ ಕಳಿಸಿದವರಲ್ಲಿ ಅವರೂ ಇದ್ದರು. ಗೌರವಧನ ಏರಿದ್ದು 2022ರ ಜನವರಿಯಲ್ಲಿ, ದೊಡ್ಡ ಮುಷ್ಕರದ ಬಳಿಕ.

ಪರೀಕ್ಷೆಯ ಗೊಂದಲ ಹೆಚ್ಚು ವಿವರಿಸಬೇಕಿಲ್ಲ. ನಡುವಿನ ಸೆಮಿಸ್ಟರುಗಳಿಗೆ ಪರೀಕ್ಷೆ ಬೇಡವೆಂದರು, ಅಂತಿಮ ವರ್ಷದವರಿಗೆ ಬೇಕೇ ಬೇಕು ಎಂದರು. 2020ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎರಡನೇ ಅಲೆ ಇಳಿಯುವ ಹೊತ್ತಿಗೆ ಸರ್ಕಾರದ ಕೈಯಲ್ಲಿ ಒಂದಿಷ್ಟು ಸಲಕರಣೆ ಇತ್ತು: 2021ರ ಫೆಬ್ರುವರಿಯಲ್ಲಿ ಕರ್ನಾಟಕ ಎಲ್‌ಎಂಎಸ್ ಎಂಬ ಆನ್‌ಲೈನ್ ಕಲಿಕಾ ವ್ಯವಸ್ಥೆ, ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್. ಕಾಲೇಜು ಮಕ್ಕಳಿಗೆ ಲಸಿಕೆ ಹಾಕಿಸಿ, ಒಂದು ಡೋಸ್ ಆದರೂ ಆದವರಿಗೆ ಜುಲೈ 26ರಿಂದ ತರಗತಿ ತೆರೆದರು. ಹೊಗೆಸೊಪ್ಪಿನ ಮನೆಗಳಿಗೆ ಅದು ಸೊಪ್ಪು ಮುರಿಯುವ ಭರದ ಕಾಲ. ಬಾಗಿಲು ತೆರೆದರೂ ಬೆಂಚು ತುಂಬಲು ಬೇರೆಯದೇ ಲೆಕ್ಕ ಬೇಕು ಎಂಬುದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬಡವರ ಕಾಲೇಜಿಗೆ ಪೆಟ್ಟು ಜೋರಾಗಿ ಬಿದ್ದದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ ದುಡಿಯುವ ಮನೆಗಳ ಮಕ್ಕಳು ಓದುವ ಎರಡು ವರ್ಷದ ಸಮುದಾಯ ಕಾಲೇಜುಗಳ ದಾಖಲಾತಿ 2020ರಲ್ಲಿ ಶೇ 10ರಷ್ಟು ಕುಸಿಯಿತು. ನಾಲ್ಕು ವರ್ಷದ ವಿಶ್ವವಿದ್ಯಾಲಯಗಳಿಗೆ ಅಷ್ಟು ತಟ್ಟಲಿಲ್ಲ. ಅಲ್ಲಿ ಹೆಚ್ಚಿನ ಮನೆಗಳಲ್ಲಿ ಇಂಟರ್‌ನೆಟ್ ಇದ್ದರೂ ಹೀಗಾಯಿತೆಂದರೆ ಟ್ಯಾಬ್ ಒಂದರಿಂದಲೇ ಹುಣಸೂರಿನ ತೊಡಕು ಬಿಡಿಸಲಾಗದು.

ಬಿಡಿಸುವ ಒಂದು ಎಳೆ ಹಳ್ಳಿಯಲ್ಲೇ ಇದೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳಿವೆ. ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಶುರುವಾಗಿ ಅಲ್ಲಿ ಹದಿನೆಂಟರೊಳಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಹದಿನೆಂಟು ದಾಟಿದವರಿಗೂ ಅಲ್ಲಿ ಒಂದು ಬೀರು ಮೀಸಲಿಡಬಹುದು. ಹನಗೋಡು, ಅಂತರಸಂತೆ, ಬೆಟ್ಟದಪುರದಂಥ ಕಡೆ ಮೈಸೂರು ವಿಶ್ವವಿದ್ಯಾಲಯದ ಪದವಿ ಪಠ್ಯ, ಸುತ್ತಲ ಕಾಲೇಜುಗಳ ಉಪನ್ಯಾಸಕರು ಬರೆದ ನೋಟ್ಸಿನ ಮುದ್ರಿತ ಪ್ರತಿ, ಧ್ವನಿ ಪಾಠ ತುಂಬಿದ ಒಂದು ಪೆನ್‌ಡ್ರೈವ್, ಅದನ್ನು ಫೋನಿಗೆ ಹಾಕಿಕೊಡುವ ಕಂಪ್ಯೂಟರ್, ಹುಡುಗಿಯರೂ ಕತ್ತಲಾಗುವ ಮುಂಚೆ ಬಂದು ಕೂತು ಓದುವಷ್ಟು ಜಾಗ. ಇದಕ್ಕೆ ಇನ್ನೊಂದು ಸಾಂಕ್ರಾಮಿಕ ಬರುವವರೆಗೆ ಕಾಯಬೇಕಿಲ್ಲ. ಸೊಪ್ಪು ಮುರಿಯುವ ಕಾಲದಲ್ಲಿ ಪ್ರತಿ ವರ್ಷವೂ ತರಗತಿ ತಪ್ಪಿಸಿಕೊಳ್ಳುವ ಮಕ್ಕಳು ಈ ತಾಲ್ಲೂಕುಗಳಲ್ಲಿದ್ದಾರೆ. ಮುಂದಿನ ನಾಟಿಗೆ ಮೊದಲೇ ಆ ಬೀರು ತುಂಬಿಸಲು ಶುರುಮಾಡಬಹುದು.