ಮನೆಯ ಗೋಡೆಗಳ ತೇವವೂ ಕೂಡಿಟ್ಟ ಧಾನ್ಯವೂ

ಸುಗ್ಗಿಯ ಫಸಲು ಮನೆಗೆ ಬರುವ ಕಾಲದಲ್ಲಿ ಜಮೀನುದಾರರು ಧಾನ್ಯದ ಧಾರಣೆಯನ್ನೂ ಚೀಲಗಳ ಲೆಕ್ಕವನ್ನೂ ವಿಚಾರಿಸುವರೇ ಹೊರತು, ಆ ಚೀಲಗಳು ಒರಗುವ ಗೋಡೆಯ ಸ್ಥಿತಿಯನ್ನು ವಿಚಾರಿಸುವುದು ಅಪರೂಪ. ಭತ್ತ, ರಾಗಿ ಮೊದಲಾದುವನ್ನು ಕೂಡಿಡಬೇಕಾದರೆ ಅವುಗಳಲ್ಲಿ ನೀರಿನ ಅಂಶವು ನೂರಕ್ಕೆ 12 ಪಾಲನ್ನು ಮೀರಿರಬಾರದು. ಕಣದಲ್ಲಿ ಚೆನ್ನಾಗಿ ಒಣಗಿಸಿ ತಂದ ಕಾಳಾದರೂ ತೇವದ ಗೋಡೆಗೆ ತಗುಲಿಕೊಂಡಿದ್ದರೆ ಈ ಮಿತಿಯನ್ನು ದಾಟುವುದು. ಆಮೇಲೆ ಬೂಷ್ಟು, ಹುಳು, ಕಡೆಗೆ ಮೊಳೆಯುವ ಶಕ್ತಿಯ ನಾಶ. ಬೀಜವು ಹೊಲದಲ್ಲಿ ಮೊಳೆಯದಿದ್ದಾಗ ಮಳೆಯನ್ನು ದೂರುವವರೇ ಹೆಚ್ಚು. ಕಡಲೆಕಾಯಿಯ ಬೂಷ್ಟಾದರೋ ವಿಷವೇ ಸರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತ ಬಳಿಕವೇ ಆ ವಿಷವನ್ನು ಗುರುತಿಸಿ ಅಫ್ಲಾಟಾಕ್ಸಿನ್ ಎಂಬ ಹೆಸರನ್ನಿಟ್ಟರು.

ಗೋಡೆಗೆ ನೀರು ಬರುವ ದಾರಿಗಳು ಹಲವು. ಮಾಡಿನ ಹೆಂಚು ಒಡೆದು ಸೋರುವುದು ಕಣ್ಣಿಗೆ ಕಾಣುತ್ತದೆ; ಅದನ್ನು ಯಾರಾದರೂ ಸರಿಪಡಿಸುವರು. ನೆಲದಿಂದ ಏರುವ ನೀರು ಮಾತ್ರ ಕಳ್ಳನಂತೆ ಬರುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ ಮಣ್ಣು ಮತ್ತು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೀರನ್ನು ಎರಡು ಮೂರು ಅಡಿಗಳವರೆಗೆ ಸೆಳೆಯುತ್ತವೆ. ಹಿಂದಿನವರು ಇದನ್ನರಿತೇ ಕರಿಗಲ್ಲಿನ ಎತ್ತರವಾದ ತಳಪಾಯದ ಮೇಲೆ ಮಣ್ಣಿನ ಗೋಡೆಯನ್ನು ಎಬ್ಬಿಸುತ್ತಿದ್ದರು. ಕರಿಗಲ್ಲು ನೀರನ್ನು ಬಹು ಸ್ವಲ್ಪ ಮಾತ್ರ ಹೀರುವುದು. ಈಚೆಗೆ ಗ್ರಾಮಗಳಲ್ಲಿ ಬೀದಿಯ ಮೇಲೆ ಬೀದಿಯನ್ನು ಹಾಕುತ್ತ, ಗರಸು ಮಣ್ಣಿನ ಮೇಲೆ ಕಾಂಕ್ರೀಟನ್ನು ಸುರಿಯುತ್ತ ಬಂದು, ಎಷ್ಟೋ ಹಳೆಯ ಮನೆಗಳ ತಳಪಾಯವು ಹೂತುಹೋಗಿದೆ. ಬೀದಿಯು ಅಂದವಾಯಿತು, ಗೋಡೆಯ ಕಾಲು ನೀರಿನಲ್ಲಿ ನಿಂತಿತು. ಕಾಮಗಾರಿಗೆ ಒಪ್ಪಿಗೆ ಕೊಡುವ ಯಜಮಾನರು ಮೊದಲು ಹಳೆಯ ಪದರವನ್ನು ಅಗೆದು ತೆಗೆಯುವಂತೆ ಕೇಳತಕ್ಕದ್ದು.

ಇದಕ್ಕಿಂತಲೂ ಹಟಮಾರಿಯಾದುದು ದನದ ಕೊಟ್ಟಿಗೆಯ ಗೋಡೆ. ಗಂಜಲವು ಇಂಗಿದ ಕಡೆಯಲ್ಲಿಯೂ, ಗೋಡೆಗೆ ಒತ್ತಿ ತಿಪ್ಪೆಯನ್ನು ಹಾಕಿದ ಕಡೆಯಲ್ಲಿಯೂ ಪೆಟ್ಲುಪ್ಪು ಮತ್ತು ಅದರ ಜಾತಿಯ ಲವಣಗಳು ಹುಟ್ಟಿ ಬಿಳಿಯ ಹೂವಿನಂತೆ ಹೊರಬೀಳುವುವು. ಇವುಗಳಲ್ಲಿ ಸುಣ್ಣದ ಅಂಶವುಳ್ಳ ಲವಣವು ಗಾಳಿಯಲ್ಲಿನ ತೇವವನ್ನೇ ಹೀರಿ ಕರಗುವ ಸ್ವಭಾವದ್ದು. ಆದಕಾರಣ ನೆಲವು ಒಣಗಿದ್ದರೂ ಮೋಡ ಕವಿದ ದಿನ ಆ ಗೋಡೆಯು ಬೆವರುವುದು. ಗೋಡೆಗೂ ನಷ್ಟ, ಹೊಲಕ್ಕೂ ನಷ್ಟ; ಪೈರಿಗೆ ಸೇರಬೇಕಾದ ಸಾರಜನಕವನ್ನೇ ಗೋಡೆಯು ಕುಡಿದಿರುತ್ತದೆ.

ತೇವವು ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂಬುದನ್ನು ತಿಳಿಯಲು ಅಂಗೈಯಗಲದ ಗಾಜಿನ ತುಂಡನ್ನು ಸುತ್ತಲೂ ಮೇಣದಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಗಾಜಿನ ಒಳಮೈಯಲ್ಲಿ ಹನಿಗಳು ಕಂಡರೆ ನೀರು ಗೋಡೆಯದು. ಹೊರಮೈಯಲ್ಲಿ ಕಂಡರೆ ಅಡಿಗೆಯ ಹಬೆ, ಮುಚ್ಚಿದ ಕಿಟಕಿ ಇವುಗಳೇ ಕಾರಣ. ಗಾಳಿಯಾಡುವಂತೆ ಮಾಡಿದರೆ ಸಾಕು.

ಸಾಮಾನ್ಯವಾಗಿ ನಡೆಯುವುದೇ ಬೇರೆ. ಗೋಡೆಯ ಬುಡ ಉದುರಲಾರಂಭಿಸಿದೊಡನೆ ಗಾರೆಯವನನ್ನು ಕರೆಯಿಸಿ ಮೂರು ನಾಲ್ಕು ಅಡಿ ಎತ್ತರಕ್ಕೆ ಸಿಮೆಂಟನ್ನು ಬಳಿಸುವರು. ಒಂದು ವರ್ಷ ನೋಟಕ್ಕೆ ಚೆನ್ನಾಗಿರುವುದು. ಆದರೆ ಹೊರಕ್ಕೆ ಆರಿಹೋಗುತ್ತಿದ್ದ ನೀರಿಗೆ ಈಗ ದಾರಿಯಿಲ್ಲ. ಅದು ಸಿಮೆಂಟಿನ ಹಿಂದೆಯೇ ಮೇಲಕ್ಕೇರಿ, ನಾಲ್ಕನೆಯ ಅಡಿಯ ಮೇಲೆ ಹೊಸದಾಗಿ ಕಾಣಿಸಿಕೊಳ್ಳುವುದು. ಮಣ್ಣಿನ ಗೋಡೆಗಾದರೆ ಇದು ಅಪಾಯಕರ. ನೆನೆದ ಮಣ್ಣು ಭಾರವನ್ನು ಹೊರಲಾರದು. ಮೇಲೆ ಗಟ್ಟಿಯಾದ ಸಿಮೆಂಟು, ಒಳಗೆ ಕೆಸರು. ಹೀಗಿರುವ ಗೋಡೆಯು ಜಡಿಮಳೆಯ ರಾತ್ರಿ ಮುನ್ಸೂಚನೆಯಿಲ್ಲದೆ ಮಲಗಿದವರ ಮೇಲೆ ಕುಸಿಯುವುದುಂಟು.

ಸರಿಯಾದ ಕೆಲಸವು ಹೊರಗಿನಿಂದ ಆರಂಭವಾಗಬೇಕು. ತಿಪ್ಪೆಯನ್ನು ದೂರಕ್ಕೆ ಸಾಗಿಸಿ ಗುಂಡಿಯಲ್ಲಿ ಹಾಕುವುದು. ಗೋಡೆಗೆ ಒರಗಿದ ಮಣ್ಣನ್ನು ತಳಪಾಯದ ಮೇಲ್ಮಟ್ಟಕ್ಕಿಂತ ಕಡೆಯಪಕ್ಷ ಅರ್ಧ ಅಡಿ ಕೆಳಗಿಳಿಸುವುದು. ಗೋಡೆಯಿಂದ ಸ್ವಲ್ಪ ದೂರದಲ್ಲಿ ಇಳಿಜಾರಾದ ಚರಂಡಿಯನ್ನು ತೆಗೆದು ಸೂರಿನ ನೀರನ್ನು ಹೊರಗೊಯ್ಯುವುದು. ಅದು ಅಸ್ತಿಭಾರದ ತಳಕ್ಕಿಂತ ಆಳವಾಗಕೂಡದು. ಕೊಟ್ಟಿಗೆಯ ನೆಲಕ್ಕೆ ಕಲ್ಲು ಹಾಸಿ ಗಂಜಲವನ್ನು ತೊಟ್ಟಿಗೆ ಹರಿಸಿದರೆ ಗೊಬ್ಬರವೂ ಉಳಿಯುವುದು. ಅನಂತರ ಸಿಮೆಂಟನ್ನು ಕಿತ್ತು, ಇಟ್ಟಿಗೆಯ ಗೋಡೆಗೆ ಒಂದು ಪಾಲು ಅರಳಿದ ಸುಣ್ಣ, ಮೂರು ಪಾಲು ಉಪ್ಪಿಲ್ಲದ ಮರಳಿನ ಗಾರೆಯನ್ನೂ, ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿದ ಕೆಮ್ಮಣ್ಣನ್ನೂ ಬಳಿಯತಕ್ಕದ್ದು. ಲವಣವು ಈ ಹೊಸ ಪದರಕ್ಕೆ ಬಂದು ಸೇರುವುದು. ಅದನ್ನು ಕೆರೆದು ಮತ್ತೊಮ್ಮೆ ಬಳಿಯಬೇಕಾದೀತು. ಇದನ್ನು ಕೆಲಸಗಾರನ ದೋಷವೆಂದೆಣಿಸಿ ಜಗಳವಾಡಬಾರದು. ಕೆರೆದ ಮಣ್ಣನ್ನು ಹೊಲದಲ್ಲಿ ತೆಳ್ಳಗೆ ಹರಡಬಹುದು. ಹಾಳೂರಿನ ಮಣ್ಣನ್ನು ರೈತರು ಗೊಬ್ಬರಕ್ಕಾಗಿ ಹೊಡೆಯುತ್ತಿದ್ದುದು ಇದೇ ಗುಣಕ್ಕಾಗಿ.

ಗೋಡೆಯು ಅವಸರಕ್ಕೆ ಒಣಗುವುದಿಲ್ಲ. ಅಂಗುಲ ದಪ್ಪಕ್ಕೆ ಒಂದು ತಿಂಗಳೆಂಬುದು ಸ್ಥೂಲವಾದ ಲೆಕ್ಕ. ಒಂದೂವರೆ ಅಡಿಯ ಗೋಡೆಗೆ ಒಂದೂವರೆ ವರ್ಷ ಹಿಡಿಯುವುದು. ಅಷ್ಟರವರೆಗೆ ಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಎರಡಡಿ ಬಿಟ್ಟು ಜೋಡಿಸಬೇಕು. ಬಿತ್ತನೆಯ ಬೀಜವನ್ನಂತೂ ಆ ಕೋಣೆಯಲ್ಲಿ ಇಡಲೇಕೂಡದು.